ಹಳೇ ಷೆವ್ರೊಲೆ ಪಿಕಪ್‌ಗೆ ಹೈಡ್ರಾಲಿಕ್ ಕ್ಲಚ್: ಹಾಕಿಸಬೇಕೇ, ಬೇಡವೇ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಊರು ಸಕಲೇಶಪುರದ ಹತ್ತಿರ, ಈಗ ಇರುವುದು ಅಮೆರಿಕದ ಹ್ಯೂಸ್ಟನ್‌ನಲ್ಲಿ. ಎರಡು ವರ್ಷದ ಹಿಂದೆ 1970ರ ಷೆವ್ರೊಲೆ ಸಿ10 ಪಿಕಪ್ ತಗೊಂಡೆ. 350 ವಿ8 ಎಂಜಿನ್, ನಾಲ್ಕು ಗೇರಿನ ಎಸ್‌ಎಂ465 ಗೇರ್‌ಬಾಕ್ಸ್, ಕ್ಲಚ್‌ಗೆ ರಾಡ್ ಲಿಂಕೇಜ್, ಅಂದರೆ ಪೆಡಲ್‌ನಿಂದ ಕ್ಲಚ್‌ವರೆಗೆ ರಾಡುಗಳ ಜೋಡಣೆ. ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ಓಡಿಸಿದರೆ ಎಡ ಮಂಡಿ ಹಿಡಿದುಕೊಳ್ಳುತ್ತದೆ. ರಿವರ್ಸ್ ಹಾಕುವಾಗ ಗರ್ ಎಂದು ಹಲ್ಲು ಉಜ್ಜುವ ಸದ್ದು. ಹೊರಡುವಾಗ ಗಾಡಿ ಎರಡು ಮೂರು ಸಲ ಕುಲುಕಿ ಆಮೇಲೆ ಮುಂದಕ್ಕೆ ಹೋಗುತ್ತದೆ. ಮುಂದಿನ ವರ್ಷ ಐದು ಗೇರಿನ ಗೇರ್‌ಬಾಕ್ಸ್ ಮತ್ತು ಎಕ್ಸಾಸ್ಟ್ ಹೆಡರ್ಸ್ (ಎಂಜಿನ್‌ನಿಂದ ಹೊಗೆ ಹೊರಗೊಯ್ಯುವ ಪೈಪುಗಳು) ಹಾಕಿಸುವ ಆಸೆಯೂ ಇದೆ. ಗೆಳೆಯರೊಬ್ಬರು "ಹೈಡ್ರಾಲಿಕ್ ಮಾಡಿಸು, ಬೆಣ್ಣೆ ತುಳಿದ ಹಾಗಿರುತ್ತೆ" ಅನ್ನುತ್ತಾರೆ. ಇನ್ನೊಬ್ಬರು "ಸೀಲ್ ಹೋದರೆ ಹೈವೇ ಮಧ್ಯೆ ನಿಂತುಬಿಡ್ತೀಯ, ಮುಟ್ಟಬೇಡ" ಅನ್ನುತ್ತಾರೆ. ಹೈಡ್ರಾಲಿಕ್‌ನಲ್ಲಿ ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರ್ ಪೈಪಿನಲ್ಲಿ ಆಯಿಲ್ ತಳ್ಳುತ್ತದೆ, ಕ್ಲಚ್ ಕಡೆಯ ಸ್ಲೇವ್ ಸಿಲಿಂಡರ್ ಆ ಒತ್ತಡದಿಂದ ಕ್ಲಚ್ ಬಿಡಿಸುತ್ತದೆ. ಒಂದು ಕಿಟ್‌ನಲ್ಲಿ ಸ್ಲೇವ್ ಸಿಲಿಂಡರ್ ಹೊರಗೆ ಕೂರುತ್ತದೆ, ಇನ್ನೊಂದರಲ್ಲಿ ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚುವ ಗಂಟೆಯಾಕಾರದ ಕವಚ) ಒಳಗೇ ಕೂರುತ್ತದೆ. ಅಪ್ಪ ಎಸ್ಟೇಟ್ ಜೀಪ್ ಓಡಿಸಿಕೊಂಡು ಬಂದವರು. ಡಿಸೆಂಬರ್‌ನಲ್ಲಿ ಇಲ್ಲಿಗೆ ಬಂದಾಗ ಅವರ ಕೈಗೆ ಸ್ಟೀರಿಂಗ್ ಕೊಡಬೇಕು ಅಂತಿದ್ದೇನೆ. ಏನು ಮಾಡಲಿ?

ಉತ್ತರ: ನಿಮ್ಮ ಅಪ್ಪನಿಗೆ ಈ ಕ್ಲಚ್ ಹೊಸದು ಅನ್ನಿಸುವುದಿಲ್ಲ. ವಿಲ್ಲೀಸ್ ವಂಶದ ಹಳೇ ಜೀಪಿನಲ್ಲೂ ಪೆಡಲ್ ಒತ್ತಿದರೆ ಕೆಳಗಿನ ಅಡ್ಡ ಟ್ಯೂಬ್ ತಿರುಗಿ ಫೋರ್ಕನ್ನು (ಕ್ಲಚ್ ಬಿಡಿಸುವ ಕವಲು ಲಿವರ್) ಎಳೆಯುತ್ತದೆ. ನಾನು ಮೊದಲು ಸ್ಪಾನರ್ ಹಿಡಿದದ್ದು ಚಿಕ್ಕಮಗಳೂರಿನಲ್ಲಿ, ಅಂಥ ಜೀಪುಗಳ ಕೆಳಗೆ. ಆಮೇಲೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಈ ಅಮೆರಿಕನ್ ಪಿಕಪ್‌ಗಳ ಕೆಲಸವನ್ನೇ ಮಾಡಿಕೊಂಡು ಬಂದಿದ್ದೇನೆ. ಎರಡು ಕಡೆಯೂ ನೋಡಿದ್ದು ಒಂದೇ: ಲಿಂಕೇಜ್ ಸವೆದಿರುತ್ತದೆ, ಬೈಗುಳ ಮಾತ್ರ ಡಿಸೈನಿಗೆ ಬೀಳುತ್ತದೆ.

ನಿಮ್ಮ ಪತ್ರದಲ್ಲಿ ಮೂರು ದೂರುಗಳಿವೆ: ಪೆಡಲ್ ಭಾರ, ರಿವರ್ಸ್ ಸದ್ದು, ಹೊರಡುವಾಗ ಕುಲುಕಾಟ. ಜೊತೆಗೆ ಹೆಡರ್ಸ್ ಮತ್ತು ಹೊಸ ಗೇರ್‌ಬಾಕ್ಸ್‌ನ ಯೋಚನೆ ಇದೆ. ದೂರು ಬೇರೆ, ಯೋಚನೆ ಬೇರೆ. ದೂರುಗಳಿಗೋಸ್ಕರ ಹೈಡ್ರಾಲಿಕ್ ಹಾಕಿಸಿದರೆ ನಿರಾಸೆ ಆಗುವ ಸಾಧ್ಯತೆಯೇ ಜಾಸ್ತಿ. ಹೆಡರ್ಸ್‌ಗೋಸ್ಕರ ಹಾಕಿಸಿದರೆ ಅದಕ್ಕೆ ಅರ್ಥವಿದೆ.

ಮೊದಲು ರಿವರ್ಸ್ ಸದ್ದಿನ ವಿಷಯ. ಎಸ್‌ಎಂ465ರಲ್ಲಿ ಮೇಲಿನ ಮೂರು ಗೇರಿಗೆ ಮಾತ್ರ ಸಿಂಕ್ರೊ (ಗೇರುಗಳ ವೇಗ ಹೊಂದಿಸಿ ಸದ್ದಿಲ್ಲದೆ ಸೇರಿಸುವ ಭಾಗ) ಇದೆ. ಫಸ್ಟ್‌ಗೂ ಇಲ್ಲ, ರಿವರ್ಸ್‌ಗೂ ಇಲ್ಲ. ಪೆಡಲ್ ಒತ್ತಿ ಕ್ಲಚ್ ಪೂರ್ತಿ ಬಿಟ್ಟಿದ್ದರೂ, ಅಂದರೆ ಗೇರ್‌ಬಾಕ್ಸ್ ಎಂಜಿನ್‌ನಿಂದ ಬೇರೆಯಾಗಿದ್ದರೂ, ಒಳಗಿನ ಗೇರುಗಳು ತಿರುಗಿಕೊಂಡು ಬಂದ ವೇಗದಲ್ಲೇ ಸ್ವಲ್ಪ ಹೊತ್ತು ತಿರುಗುತ್ತಿರುತ್ತವೆ. ಆಗ ರಿವರ್ಸ್ ತಳ್ಳಿದರೆ ಹಲ್ಲು ಹಲ್ಲಿಗೆ ತಾಗುತ್ತದೆ. ಇದು ಆ ಗೇರ್‌ಬಾಕ್ಸ್‌ನ ಸ್ವಭಾವ. ಅದಕ್ಕೇ ಒಂದು ಪರೀಕ್ಷೆ ಮಾಡಿ. ಎಂಜಿನ್ ಬಿಸಿಯಾದ ಮೇಲೆ, ಐಡಲಿಂಗ್‌ನಲ್ಲಿ, ಬ್ರೇಕ್ ಹಿಡಿದು ಕ್ಲಚ್ ಪೂರ್ತಿ ಒತ್ತಿ. ಮನಸ್ಸಿನಲ್ಲೇ ನಿಧಾನವಾಗಿ ಹತ್ತು ಎಣಿಸಿ. ಆಮೇಲೆ ರಿವರ್ಸ್ ಹಾಕಿ. ಸದ್ದಿಲ್ಲದೆ ಬಿದ್ದರೆ ನಿಮ್ಮ ಕ್ಲಚ್ ಸರಿಯಾಗಿಯೇ ಬಿಡುತ್ತಿದೆ. ಇನ್ನು ಮೇಲೆ ಮೂರು ನಾಲ್ಕು ಸೆಕೆಂಡ್ ಕಾಯುವ ಅಭ್ಯಾಸ ಮಾಡಿಕೊಳ್ಳಿ, ಅಥವಾ ಮೊದಲು ಸೆಕೆಂಡ್ ಗೇರನ್ನು ಮುಟ್ಟಿಸಿ ನಂತರ ರಿವರ್ಸ್ ಹಾಕಿ. ಸಿಂಕ್ರೊ ಇರುವ ಆ ಗೇರು ಒಳಗಿನ ತಿರುಗಾಟ ನಿಲ್ಲಿಸಿಬಿಡುತ್ತದೆ. ಹತ್ತು ಎಣಿಸಿದ ಮೇಲೂ ಗರ್ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಎಳೆಯುತ್ತಿದೆ ಅಂತ ಅರ್ಥ. ಕಾರಣ ಲಿಂಕೇಜ್‌ನಲ್ಲಿ ಇರಬಹುದು, ಬಾಗಿದ ಕ್ಲಚ್ ಪ್ಲೇಟ್ ಇರಬಹುದು, ಕ್ರ್ಯಾಂಕಿನ ತುದಿಯಲ್ಲಿ ಗೇರ್‌ಬಾಕ್ಸ್ ಶಾಫ್ಟಿನ ಮೂತಿ ಕೂರುವ ಪೈಲಟ್ ಬುಷ್ ಹಿಡಿದುಕೊಂಡಿರಬಹುದು. ಪೈಲಟ್ ಬುಷ್ ಹಿಡಿದಿದ್ದರೆ ಹೈಡ್ರಾಲಿಕ್ ಹಾಕಿದರೂ ಸದ್ದು ಹಾಗೇ ಇರುತ್ತದೆ.

ಈಗ ಲಿಂಕೇಜ್. ನಿಮ್ಮ ಟ್ರಕ್ಕಿನಲ್ಲಿ ಪೆಡಲ್‌ನಿಂದ ಒಂದು ರಾಡ್ ಇಳಿದು ಅಡ್ಡವಾಗಿರುವ ಟ್ಯೂಬಿನ ತೋಳಿಗೆ ಸೇರುತ್ತದೆ. ಆ ಟ್ಯೂಬನ್ನು ಝಡ್ ಬಾರ್ ಅನ್ನುತ್ತಾರೆ. ಅದರ ಒಂದು ತುದಿ ಚಾಸಿ ಕಡೆಯ ಬ್ರಾಕೆಟ್‌ನಲ್ಲಿ, ಇನ್ನೊಂದು ತುದಿ ಎಂಜಿನ್ ಕಡೆಯ ಬಾಲ್ ಸ್ಟಡ್ ಮೇಲೆ ಕೂತಿರುತ್ತದೆ. ಟ್ಯೂಬಿನ ಇನ್ನೊಂದು ತೋಳು ಸಣ್ಣ ರಾಡಿನಿಂದ ಫೋರ್ಕನ್ನು ಹಿಂದಕ್ಕೆ ತಳ್ಳುತ್ತದೆ. ಫೋರ್ಕಿನ ಒಳತುದಿ ರಿಲೀಸ್ ಬೇರಿಂಗನ್ನು ಮುಂದಕ್ಕೆ ಒತ್ತುತ್ತದೆ. ಆ ಬೇರಿಂಗ್, ಕ್ಲಚ್ ಪ್ಲೇಟನ್ನು ಅದುಮಿ ಹಿಡಿಯುವ ಪ್ರೆಶರ್ ಪ್ಲೇಟಿನ ಬೆರಳಿನಂಥ ಲಿವರುಗಳನ್ನು ಒತ್ತಿ ಕ್ಲಚ್ ಬಿಡಿಸುತ್ತದೆ. ಎಲ್ಲಾ ಸೇರಿ ಐದಾರು ಕೀಲುಗಳು. ಒಂದೊಂದರಲ್ಲಿ ಅರ್ಧ ಮಿಲಿಮೀಟರ್, ಒಂದು ಮಿಲಿಮೀಟರ್ ಸವೆದರೂ ಅಷ್ಟೂ ಸೇರಿ ಪೆಡಲ್‌ನಲ್ಲಿ ಒಂದೆರಡು ಇಂಚು ಸುಮ್ನೆ ಕಳೆದುಹೋಗುತ್ತದೆ.

ಇದನ್ನು ಕಣ್ಣಾರೆ ನೋಡಬೇಕು. ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜ್ಯಾಕ್ ನಂಬಿ ಕೆಳಗೆ ಹೋಗಬೇಡಿ. ಎಂಜಿನ್ ಆಫ್ ಮಾಡಿ, ಮನೆಯವರೊಬ್ಬರಿಗೆ ಪೆಡಲನ್ನು ನಿಧಾನವಾಗಿ ಒತ್ತಲು ಹೇಳಿ, ಕೆಳಗೆ ಮಲಗಿ ಟಾರ್ಚ್ ಹಾಕಿ. ಪೆಡಲ್ ಹೊರಟ ಕ್ಷಣದಲ್ಲಿ ಏನು ಅಲುಗುತ್ತದೆ, ಏನು ಅಲುಗುವುದಿಲ್ಲ ಅಂತ ಗಮನಿಸಿ. ರಾಡಿನ ತುದಿ ತೂತಿನೊಳಗೆ ಮೊದಲು ಒಂದು ಬದಿಗೆ ಸರಿದು, ಆಮೇಲೆ ಝಡ್ ಬಾರ್ ತಿರುಗಿದರೆ ಆ ತೂತು ಮೊಟ್ಟೆಯ ಆಕಾರಕ್ಕೆ ಬಂದಿದೆ ಅಂತ ಲೆಕ್ಕ. ಝಡ್ ಬಾರ್ ತಿರುಗುವ ಬದಲು ಇಡಿಯಾಗಿ ಮೇಲೆ ಕೆಳಗೆ ಆದರೆ ತುದಿಯ ಬುಷ್ ಪುಡಿಯಾಗಿದೆ. ಒಂದು ತೋಳು ಅಲುಗಿದ ಮೇಲೆ ಇನ್ನೊಂದು ತೋಳು ತಡವಾಗಿ ಅಲುಗಿದರೆ ಟ್ಯೂಬೇ ತಿರುಚಿಕೊಳ್ಳುತ್ತಿದೆ, ಅಥವಾ ವೆಲ್ಡಿಂಗ್ ಬಿರುಕು ಬಿಟ್ಟಿದೆ. ಬಿರುಕಿನ ಜಾಗದಲ್ಲಿ ಗ್ರೀಸ್ ಮೇಲೆ ತುಕ್ಕಿನ ಕಂದು ಗೆರೆ ಕಾಣುತ್ತದೆ. ಬಟ್ಟೆಯಿಂದ ಒರೆಸಿ ಮತ್ತೊಮ್ಮೆ ಒತ್ತಿಸಿದರೆ ಆ ಗೆರೆ ತುಟಿಯ ಹಾಗೆ ಬಾಯಿ ತೆರೆಯುವುದು ಕಾಣಿಸುತ್ತದೆ. ನಂತರ ಕ್ಯಾಬಿನ್ ಒಳಗೆ ಪೆಡಲ್‌ನ ಪಿವಟ್ ಬುಷ್ ನೋಡಿ. ಪೆಡಲ್ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರೆ ತಿಳಿಯುತ್ತದೆ.

ಕುಲುಕಾಟಕ್ಕೆ ನನ್ನ ಮೊದಲ ಅನುಮಾನ ಎಂಜಿನ್ ಮೌಂಟ್ ಮೇಲೆ. ಝಡ್ ಬಾರ್‌ನ ಒಂದು ಕಾಲು ಎಂಜಿನ್ ಮೇಲೆ, ಇನ್ನೊಂದು ಚಾಸಿ ಮೇಲೆ ಅಲ್ವಾ? ಮೌಂಟಿನ ರಬ್ಬರ್ ಹರಿದಿದ್ದರೆ ಕ್ಲಚ್ ಹಿಡಿದ ಕ್ಷಣದಲ್ಲಿ ಎಂಜಿನ್ ಒಂದು ಬದಿಗೆ ಏಳುತ್ತದೆ. ಎದ್ದಾಗ ಲಿಂಕೇಜ್ ತಾನಾಗಿಯೇ ಎಳೆದು ಕ್ಲಚ್ ಬಿಡುತ್ತದೆ. ಬಿಟ್ಟಾಗ ಎಂಜಿನ್ ಇಳಿಯುತ್ತದೆ, ಕ್ಲಚ್ ಮತ್ತೆ ಹಿಡಿಯುತ್ತದೆ. ಇದೇ ಆ ಎರಡು ಮೂರು ಕುಲುಕು. ಆ ಕಾಲದ ಷೆವ್ರೊಲೆಗಳ ಮೌಂಟ್ ದೊಡ್ಡ ಸುದ್ದಿಯೇ ಆಗಿತ್ತು. 1971ರ ಕೊನೆಯಲ್ಲಿ ಜನರಲ್ ಮೋಟಾರ್ಸ್ ಅದೇ ಕಾರಣಕ್ಕೆ ಸುಮಾರು 67 ಲಕ್ಷ ಗಾಡಿಗಳನ್ನು ವಾಪಸ್ ಕರೆಸಿ, ಮೌಂಟ್ ಹರಿದರೂ ಎಂಜಿನ್ ಮೇಲೇಳದಂತೆ ಗಟ್ಟಿ ತಂತಿಹಗ್ಗ ಹಾಕಿಕೊಟ್ಟಿತು. ನಿಮ್ಮ ಗಾಡಿಯ ಮೌಂಟ್‌ಗಳನ್ನು ಹಿಂದಿನವರು ಯಾವಾಗ ಬದಲಾಯಿಸಿದರೋ ಗೊತ್ತಿಲ್ಲವಾದರೆ ಈಗಲೇ ಬದಲಾಯಿಸಿ, ದುಬಾರಿ ಸಾಮಾನೇನೂ ಅಲ್ಲ. ಇಷ್ಟಾದ ಮೇಲೂ ಕುಲುಕಿದರೆ ಕ್ಲಚ್ ಪ್ಲೇಟಿಗೆ ಎಣ್ಣೆ ತಾಗಿದೆಯೇ ನೋಡಬೇಕು. ಈ ಎಂಜಿನ್‌ಗಳಲ್ಲಿ ಕ್ರ್ಯಾಂಕಿನ ಹಿಂದಿನ ಸೀಲ್ ಜಿನುಗುವುದು ಮಾಮೂಲಿ.

ಹೈಡ್ರಾಲಿಕ್ ಅಂದರೆ ಹಗುರ ಅನ್ನುವ ನಂಬಿಕೆ

ನಿಮ್ಮ ಮಂಡಿಯ ನೋವಿಗೆ ಸಂಬಂಧಪಟ್ಟ ಮಾತು ಇದು, ಹಾಗಾಗಿ ಸ್ವಲ್ಪ ಲೆಕ್ಕ ಹಾಕಿ ತೋರಿಸುತ್ತೇನೆ.

ಪೆಡಲ್ ಭಾರವಾಗುವುದು ಮುಖ್ಯವಾಗಿ ಪ್ರೆಶರ್ ಪ್ಲೇಟಿನ ಸ್ಪ್ರಿಂಗ್‌ನಿಂದ. ಅದನ್ನು ರಾಡಿನಿಂದ ತಳ್ಳಿದರೂ ಅಷ್ಟೇ, ಎಣ್ಣೆಯಿಂದ ತಳ್ಳಿದರೂ ಅಷ್ಟೇ. ಎಣ್ಣೆಗೆ ಸ್ವಂತ ಶಕ್ತಿ ಇಲ್ಲ. ಎರಡು ಸಿಲಿಂಡರಿನ ಬೋರ್ (ಒಳವ್ಯಾಸ) ಬೇರೆ ಬೇರೆ ಇದ್ದರೆ ಅದೂ ಒಂದು ಸನ್ನೆಗೋಲು, ಅಷ್ಟೇ. ಸನ್ನೆಗೋಲು ಅಂದ ಮೇಲೆ ಒಂದು ಕಡೆ ಹಗುರ ಮಾಡಿದರೆ ಇನ್ನೊಂದು ಕಡೆ ಓಟ ಕಡಿಮೆಯಾಗಲೇಬೇಕು.

ಪೆಡಲ್ ಆರು ಇಂಚು, ಅಂದರೆ ಸುಮಾರು 150 ಮಿಲಿಮೀಟರ್ ಹೋಗುತ್ತದೆ ಅಂದುಕೊಳ್ಳಿ. ಪೆಡಲ್ ಅನುಪಾತ 6:1. ಮಾಸ್ಟರ್ ಸಿಲಿಂಡರಿನ ರಾಡ್ 25 ಮಿಲಿಮೀಟರ್ ಹೋಗುತ್ತದೆ. ಮಾಸ್ಟರ್ ಬೋರ್ ಮುಕ್ಕಾಲು ಇಂಚು, ಹೊರಗಿನ ಸ್ಲೇವ್ ಬೋರ್ 7/8 ಇಂಚು ಇದ್ದರೆ ಸ್ಲೇವ್ ರಾಡ್ ಸುಮಾರು 18 ಮಿಲಿಮೀಟರ್ ಓಡುತ್ತದೆ. ಫೋರ್ಕಿನ ಅನುಪಾತ 2:1 ಅಂತಿಟ್ಟುಕೊಂಡರೆ ಬೇರಿಂಗ್ 9 ಮಿಲಿಮೀಟರ್ ಸರಿಯುತ್ತದೆ. ಬಹಳಷ್ಟು ಡಯಾಫ್ರಾಮ್ (ತಟ್ಟೆಯಾಕಾರದ ಒಂದೇ ಸ್ಪ್ರಿಂಗಿನ) ಕ್ಲಚ್‌ಗಳು ಬಿಡುವುದಕ್ಕೆ ಇಷ್ಟು ಓಟ ಸಾಕು. ಬೆರಳುಗಳನ್ನು ಒತ್ತಲು 180 ಕಿಲೋ ಬಲ ಬೇಕು ಅಂದರೆ ನಿಮ್ಮ ಕಾಲಿಗೆ ಸುಮಾರು 11 ಕಿಲೋ ಬೀಳುತ್ತದೆ.

ಈಗ "ಇನ್ನೂ ಹಗುರ ಬೇಕು" ಅಂತ ಮಾಸ್ಟರನ್ನು 5/8 ಇಂಚಿಗೆ ಇಳಿಸಿ. ಕಾಲಿಗೆ 8 ಕಿಲೋಗಿಂತ ಕಡಿಮೆ. ಒತ್ತಿದರೆ ಖುಷಿಯಾಗುತ್ತದೆ. ಆದರೆ ಬೇರಿಂಗ್ ಓಟ ಆರೂವರೆ ಮಿಲಿಮೀಟರಿಗೆ ಇಳಿದುಹೋಯಿತು. ಕ್ಲಚ್ ಪೂರ್ತಿ ಬಿಡುವುದಿಲ್ಲ, ರಿವರ್ಸ್ ಮೊದಲಿಗಿಂತ ಜೋರಾಗಿ ಗರ್ ಅನ್ನುತ್ತದೆ. ಅದಕ್ಕೆ ಹೆದರಿ ಮಾಸ್ಟರನ್ನು 7/8 ಇಂಚಿಗೆ ಏರಿಸಿದರೆ ಓಟ ಹನ್ನೆರಡೂವರೆಗೆ ಹೋಗುತ್ತದೆ, ಕಾಲಿಗೆ 15 ಕಿಲೋ. ಅಂದರೆ ಪೆಡಲ್ ಇನ್ನೂ ಭಾರ, ಮೇಲಿಂದ ಡಯಾಫ್ರಾಮನ್ನು ಮಿತಿ ಮೀರಿ ಒತ್ತಿ ಬಗ್ಗಿಸುವ ಅಪಾಯ ಬೇರೆ. ಕಿಟ್ ಹಾಕಿಸಿಕೊಂಡು ಬೇಸರವಾಗಿ ನನ್ನ ಹತ್ತಿರ ಬಂದವರಲ್ಲಿ ಬಹಳ ಜನರ ತೊಂದರೆ ಈ ಒಂದು ಲೆಕ್ಕದಲ್ಲೇ ಇತ್ತು. ಎಣ್ಣೆ ಚೆಲ್ಲಿರಲಿಲ್ಲ, ಸೀಲ್ ಹೋಗಿರಲಿಲ್ಲ. ಬೋರ್ ಹೊಂದಿರಲಿಲ್ಲ, ಅಷ್ಟೇ.

ಹೈಡ್ರಾಲಿಕ್ ಮಾಡಿಸಿದ ಮೇಲೆ ಹಗುರವಾಯಿತು ಅನ್ನುವವರು ಸುಳ್ಳು ಹೇಳುತ್ತಿಲ್ಲ. ಒಣಗಿ ತುಕ್ಕು ಹಿಡಿದ ಐದಾರು ಕೀಲುಗಳ ಘರ್ಷಣೆ ಹೋಯಿತಲ್ಲ, ಆ ವ್ಯತ್ಯಾಸ ನಿಜ. ಆದರೆ ಅದೇ ಕೀಲುಗಳಿಗೆ ಹೊಸ ಬುಷ್, ಗ್ರೀಸ್ ಕೊಟ್ಟರೂ ಹೆಚ್ಚುಕಡಿಮೆ ಅಷ್ಟೇ ಹಗುರವಾಗುತ್ತದೆ. ಅಲ್ಲದೆ, ಆ ಕೆಲಸ ಮಾಡಿಸುವಾಗ ಹಳೇ ಪ್ರೆಶರ್ ಪ್ಲೇಟನ್ನೂ ಬದಲಾಯಿಸಿರುತ್ತಾರೆ. ಹಳೇ ಬಗೆಯ ಮೂರು ಲಿವರ್, ಸುರುಳಿ ಸ್ಪ್ರಿಂಗಿನ ಪ್ರೆಶರ್ ಪ್ಲೇಟಿಗೆ ಬದಲಾಗಿ ಡಯಾಫ್ರಾಮ್ ಬಗೆಯದು ಹಾಕಿದರೆ ಪೆಡಲ್‌ನ ಕೊನೆಯ ಭಾಗದಲ್ಲಿ ಭಾರ ಇಳಿಯುತ್ತದೆ. ಸಿಗ್ನಲ್‌ನಲ್ಲಿ ಒತ್ತಿ ಹಿಡಿದು ನಿಲ್ಲುವವನ ಮಂಡಿಗೆ ಅದು ದೊಡ್ಡ ಸಮಾಧಾನ. ಹಿಂದಿನ ಮಾಲೀಕರು ರೇಸಿಂಗ್ ಕ್ಲಚ್ ಹಾಕಿಸಿದ್ದರಂತೂ ಮಂಡಿ ನೋವಿನ ಮೂಲ ಅಲ್ಲೇ ಇದೆ.

ಇನ್ನೊಂದು ತಪ್ಪು ಕಲ್ಪನೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ರಾಡ್ ಹಳೇದು, ಹೈಡ್ರಾಲಿಕ್ ಹೊಸದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಮ್ಮ ಟ್ರಕ್ಕಿಗಿಂತ ಮುಂಚಿನ, 1960ರ ದಶಕದ ಮೊದಲ ಭಾಗದ ಷೆವ್ರೊಲೆ ಪಿಕಪ್‌ಗಳಲ್ಲಿ ಹೈಡ್ರಾಲಿಕ್ ಕ್ಲಚ್ಚೇ ಇತ್ತು. 1967ರಲ್ಲಿ ಹೊಸ ಮಾಡೆಲ್ ಬಂದಾಗ ಕಂಪನಿಯೇ ರಾಡಿಗೆ ಹೋಯಿತು. 1980ರ ದಶಕದ ಮಧ್ಯದಲ್ಲಿ ಮತ್ತೆ ಹೈಡ್ರಾಲಿಕ್‌ಗೆ ಬಂತು. ನಮ್ಮ ಕಡೆ ಅಂಬಾಸಿಡರ್ ಕಾರಿನ ಕ್ಲಚ್‌ಗೂ ಮಾಸ್ಟರ್ ಸಿಲಿಂಡರ್ ಇತ್ತು, ಅದರ ವಾಷರ್ ಕಿಟ್ ಬದಲಾಯಿಸದ ಮೆಕ್ಯಾನಿಕ್ ಇರಲಿಲ್ಲ.

ದಾರಿಯಲ್ಲಿ ನಿಂತುಬಿಡುವ ಭಯ

ಸೀಲ್ ಹೋಗುವುದು ನಿಜ. ಆದರೆ ಸಾಮಾನ್ಯವಾಗಿ ಒಂದೇ ಏಟಿಗೆ ಹೋಗುವುದಿಲ್ಲ. ಮೊದಲು ಮಾಸ್ಟರಿನ ಡಬ್ಬಿಯಲ್ಲಿ ಆಯಿಲ್ ಮಟ್ಟ ಇಳಿಯುತ್ತದೆ, ಪೆಡಲ್ ಕೆಳಗೆ ಇಳಿದ ಮೇಲೆ ಕ್ಲಚ್ ಬಿಡಲು ಶುರುವಾಗುತ್ತದೆ, ಒಂದೆರಡು ಸಲ ಪಂಪ್ ಮಾಡಿದರೆ ಸರಿಹೋಗುತ್ತದೆ. ಈ ಸೂಚನೆ ಬಂದಾಗ ಗಮನಿಸಿದರೆ ಸಾಕು. ರಾಡ್ ಲಿಂಕೇಜ್‌ಗೆ ಒಂದು ದೊಡ್ಡ ಗುಣವಿದೆ, ಅದನ್ನು ಒಪ್ಪುತ್ತೇನೆ: ಪಿನ್ ಬಿದ್ದುಹೋದರೆ ತಂತಿ ಕಟ್ಟಿಕೊಂಡು ಮನೆ ಸೇರಬಹುದು. ಮಲೆನಾಡಿನ ಮಳೆಯಲ್ಲಿ ನಿಮ್ಮ ಅಪ್ಪ ಹಾಗೆ ಬಂದಿರಲೂಬಹುದು.

ಕ್ಲಚ್ಚೇ ಕೈಕೊಟ್ಟರೂ ನಿಮ್ಮ ಟ್ರಕ್ಕಿನಲ್ಲಿ ಒಂದು ಉಪಾಯವಿದೆ. ಎಂಜಿನ್ ಆಫ್ ಮಾಡಿ, ಫಸ್ಟ್ ಗೇರಿಗೆ ಹಾಕಿ, ಮುಂದೆ ಯಾರೂ ಇಲ್ಲದ್ದನ್ನು ನೋಡಿಕೊಂಡು ಸ್ಟಾರ್ಟರ್ ತಿರುಗಿಸಿ. ಎಸ್‌ಎಂ465ರ ಫಸ್ಟ್ ಗೇರ್ 6.55:1. ಅಷ್ಟು ತಗ್ಗಿನ ಗೇರಿನಲ್ಲಿ ಸ್ಟಾರ್ಟರ್ ಮೋಟಾರೇ ಗಾಡಿಯನ್ನು ಹೊರಡಿಸಿ ಎಂಜಿನ್ ಹತ್ತಿಸುತ್ತದೆ. ರಸ್ತೆ ಬದಿಗೆ ಹೋಗಲು, ಹತ್ತಿರದ ಗ್ಯಾರೇಜ್ ಸೇರಲು ಇದು ಸಾಕು. ಐದು ಗೇರಿನ ಗೇರ್‌ಬಾಕ್ಸ್ ಹಾಕಿದ ಮೇಲೆ ಫಸ್ಟ್ ಗೇರ್ ಇಷ್ಟು ತಗ್ಗಿರುವುದಿಲ್ಲ, ಆಗ ಈ ಉಪಾಯ ಸ್ವಲ್ಪ ಒರಟಾಗುತ್ತದೆ.

ನಿಜಕ್ಕೂ ಬದಲಾಯಿಸಬೇಕಾಗುವುದು ಯಾವಾಗ

ಜಾಗ ಇಲ್ಲದಾಗ. ಉದ್ದನೆ ಪೈಪಿನ ಹೆಡರ್ಸ್ ಕೆಲವು ಸರಿಯಾಗಿ ಝಡ್ ಬಾರ್ ಇರುವ ಜಾಗದಲ್ಲೇ ಇಳಿಯುತ್ತವೆ. ಜನರಲ್ ಮೋಟಾರ್ಸ್‌ನ ಎಲ್‌ಎಸ್ ಬಗೆಯ ಹೊಸ ಎಂಜಿನ್ ಕೂರಿಸಿದರೆ ಬ್ಲಾಕಿನಲ್ಲಿ ಝಡ್ ಬಾರ್‌ನ ಬಾಲ್ ಸ್ಟಡ್‌ಗೆ ತೂತೇ ಇರುವುದಿಲ್ಲ. ಕೆಲವು ಗೇರ್‌ಬಾಕ್ಸ್‌ಗಳು ಫೋರ್ಕ್ ಇಲ್ಲದ ಬೆಲ್ ಹೌಸಿಂಗ್ ಜೊತೆಗೆ ಬರುತ್ತವೆ. ಇಂಥ ಕಡೆ ಹೈಡ್ರಾಲಿಕ್ ಒಳ್ಳೆಯ ದಾರಿ, ಪೈಪನ್ನು ಎಲ್ಲಿ ಬೇಕಾದರೂ ಬಳಸಿಕೊಂಡು ಒಯ್ಯಬಹುದು. ಎಂಜಿನ್ ಅಲುಗಾಟ ಪೆಡಲ್‌ಗೆ ಬರದಿರುವುದೂ ಅದರ ಲಾಭ.

ಆದರೆ ನಿಮ್ಮದು ಹಳೇ 350 ಎಂಜಿನ್. ಕ್ಲಚ್ ಲಿಂಕೇಜ್‌ಗೆ ಜಾಗ ಬಿಟ್ಟು ಮಾಡಿದ ಹೆಡರ್ಸ್ ಇದಕ್ಕೆ ಸಿಗುತ್ತವೆ. ಹಳೇ ಬೆಲ್ ಹೌಸಿಂಗ್, ಹಳೇ ಫೋರ್ಕ್ ಉಳಿಸಿಕೊಂಡೇ ಕೂರಿಸಬಹುದಾದ ಐದು ಗೇರಿನ ಪೆಟ್ಟಿಗೆಗಳೂ ಇವೆ. ಆರ್ಡರ್ ಮಾಡುವ ಮೊದಲು ಈ ಎರಡು ಪ್ರಶ್ನೆ ಕೇಳಿದರೆ ಹೈಡ್ರಾಲಿಕ್ ಬೇಕೇ ಬೇಡವೇ ಅನ್ನುವುದು ನಿಮ್ಮ ಕೈಯಲ್ಲೇ ಉಳಿಯುತ್ತದೆ.

ಹಾಕಿಸುವುದೇ ಆದರೆ ಹೊರಗಿನ ಸ್ಲೇವ್ ಸಿಲಿಂಡರ್ ತಗೊಳ್ಳಿ. ಒಳಗೆ ಕೂರುವ ಹೈಡ್ರಾಲಿಕ್ ಬೇರಿಂಗ್ ನೋಡಲು ಚೊಕ್ಕ, ಫೋರ್ಕಿನ ರಗಳೆ ಇಲ್ಲ, ಜಾಗ ಕಡಿಮೆ. ಆದರೆ ಅದರ ಸೀಲ್ ಜಿನುಗಿದ ದಿನ ಗೇರ್‌ಬಾಕ್ಸ್ ಇಳಿಸಬೇಕು. ನಿಮ್ಮ ಎಸ್‌ಎಂ465 ಬೀಡುಕಬ್ಬಿಣದ್ದು, ಸುಮಾರು 80 ಕಿಲೋ. ಹೊರಗಿನ ಸ್ಲೇವ್ ಆದರೆ ಎರಡು ಬೋಲ್ಟ್, ಒಂದು ಪೈಪ್, ಅರ್ಧ ಗಂಟೆ. ಒಳಗಿನದನ್ನೇ ಹಾಕಬೇಕಾಗಿ ಬಂದರೆ ಅದಕ್ಕೂ ಪ್ರೆಶರ್ ಪ್ಲೇಟಿನ ಬೆರಳುಗಳಿಗೂ ನಡುವೆ ತಯಾರಕರು ಹೇಳಿದಷ್ಟು ಅಂತರ ಬಿಟ್ಟು, ಶಿಮ್ (ತೆಳು ಬಿಲ್ಲೆ) ಹಾಕಿ ಕೂರಿಸಬೇಕು. ಸಾಮಾನ್ಯವಾಗಿ ಅದು 3ರಿಂದ 5 ಮಿಲಿಮೀಟರ್. ಯಾಕೆ ಅಂದರೆ, ಕ್ಲಚ್ ಪ್ಲೇಟ್ ಸವೆದಂತೆ ಬೆರಳುಗಳು ಗೇರ್‌ಬಾಕ್ಸ್ ಕಡೆಗೆ ಸರಿದು ಬರುತ್ತವೆ. ಬೇರಿಂಗಿಗೆ ಹಿಂದೆ ಸರಿಯಲು ಜಾಗ ಇಲ್ಲದಿದ್ದರೆ ಯಾರೂ ಕ್ಲಚ್ ಒತ್ತದೆಯೇ ಸ್ಲಿಪ್ ಶುರುವಾಗುತ್ತದೆ.

ಹೊರಗಿನ ಸ್ಲೇವ್ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ, ಅದರ ಬ್ರಾಕೆಟ್ ಎಲ್ಲಿಗೆ ಬೋಲ್ಟ್ ಆಗುತ್ತದೆ ಅನ್ನುವುದು. ಬೆಲ್ ಹೌಸಿಂಗ್ ಅಥವಾ ಗೇರ್‌ಬಾಕ್ಸ್‌ಗೇ ಆಗಬೇಕು. ಒಬ್ಬರು ಬೇರೆಲ್ಲೋ ಕೆಲಸ ಮಾಡಿಸಿಕೊಂಡು ಒಂದು ಸಿ10 ತಂದಿದ್ದರು. ಹೊಸ ಮಾಸ್ಟರ್, ಹೊಸ ಸ್ಲೇವ್, ನೀಟಾಗಿ ಬಗ್ಗಿಸಿದ ಪೈಪ್, ಎಲ್ಲಾ ಚೆಂದ. ಗಾಡಿ ಮಾತ್ರ ಹೊರಡುವಾಗ ಕುದುರೆಯಂತೆ ಹಾರುತ್ತಿತ್ತು. ಕೆಳಗೆ ಮಲಗಿ ನೋಡಿದರೆ ಸ್ಲೇವ್ ಬ್ರಾಕೆಟನ್ನು ಚಾಸಿಗೆ ವೆಲ್ಡ್ ಮಾಡಿದ್ದರು. ಎಂಜಿನ್ ಅಲುಗಿದಾಗ ಫೋರ್ಕ್ ಅಲುಗುತ್ತದೆ, ಸ್ಲೇವ್ ಅಲುಗುವುದಿಲ್ಲ. ಬ್ರಾಕೆಟ್ ಕತ್ತರಿಸಿ ಬೆಲ್ ಹೌಸಿಂಗ್ ಬೋಲ್ಟಿಗೆ ಹೊಸದು ಮಾಡಿ ಹಾಕಿದೆವು, ಅದೇ ದಿನ ಸರಿಹೋಯಿತು. ಪೂರ್ತಿ ಹೊಸ ಸಾಮಾನು ಹಾಕಿಸಿಯೂ ಅವರು ಮೂರು ತಿಂಗಳು ಆ ಗಾಡಿ ಓಡಿಸಲು ಹೆದರಿದ್ದರು. ಅದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ.

ಮಾಸ್ಟರ್ ಸಿಲಿಂಡರ್ ಕೂರುವ ಫೈರ್‌ವಾಲ್ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆ) ಬರೀ ತಗಡು. ಪೆಡಲ್ ಒತ್ತಿಸಿ ಬಾನೆಟ್ ಎತ್ತಿ ನೋಡಿ, ತಗಡು ಉಸಿರಾಡುವ ಹಾಗೆ ಮುಂದೆ ಬಂದು ಹಿಂದೆ ಹೋಗುತ್ತದೆ. 3 ಮಿಲಿಮೀಟರ್ ಬಗ್ಗಿದರೂ ನಿಮ್ಮ 25 ಮಿಲಿಮೀಟರ್ ಓಟದಲ್ಲಿ ಎಂಟನೇ ಒಂದು ಭಾಗ ಹೋಯಿತು. ವರ್ಷ ಕಳೆದರೆ ತಗಡೇ ಸೀಳುತ್ತದೆ. ದಪ್ಪ ಪ್ಲೇಟ್ ಕೊಟ್ಟು, ಸಾಧ್ಯವಾದರೆ ಒಳಗಿನ ಪೆಡಲ್ ಬ್ರಾಕೆಟ್‌ಗೂ ಸೇರಿಸಿ ಬೋಲ್ಟ್ ಮಾಡಿಸಿ. ಮಾಸ್ಟರಿನ ರಾಡ್ ಪೆಡಲ್‌ನಿಂದ ನೇರವಾಗಿ ಹೋಗಬೇಕು. ಓರೆಯಾಗಿ ತಳ್ಳಿದರೆ ಪಿಸ್ಟನ್ ಒಂದು ಬದಿಗೆ ಉಜ್ಜಿ ಸೀಲ್ ಬೇಗ ಹೋಗುತ್ತದೆ. ನಿಮ್ಮ ಪೆಡಲ್‌ನಲ್ಲಿ ಈಗ ರಾಡ್ ಸೇರಿರುವ ತೂತು ಹೈಡ್ರಾಲಿಕ್‌ಗೆ ಬೇಕಾದ ಜಾಗದಲ್ಲಿ ಇರುವುದಿಲ್ಲ. ಪಿವಟ್‌ನಿಂದ ಪ್ಯಾಡ್‌ಗೆ 12 ಇಂಚು ಇದ್ದರೆ ಹೊಸ ತೂತು ಪಿವಟ್‌ನಿಂದ 2 ಇಂಚಿನಲ್ಲಿ ಬರಬೇಕು, ಆಗಲೇ 6:1 ಸಿಗುವುದು.

ಒಂದು ಸಣ್ಣ ವಿಷಯವನ್ನು ಬಹಳ ಜನ ಮರೆಯುತ್ತಾರೆ. ಪೆಡಲ್ ಪೂರ್ತಿ ಮೇಲಿದ್ದಾಗ ಮಾಸ್ಟರಿನ ರಾಡಿಗೆ ಕೂದಲೆಳೆಯಷ್ಟು ಸಡಿಲ ಇರಬೇಕು, ಸುಮಾರು ಒಂದು ಮಿಲಿಮೀಟರ್. ಇಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ, ಡಬ್ಬಿಗೆ ಆಯಿಲ್ ವಾಪಸ್ ಹೋಗುವ ಸಣ್ಣ ತೂತು ಮುಚ್ಚಿಯೇ ಇರುತ್ತದೆ. ಎಂಜಿನ್ ಬಿಸಿಗೆ ಪೈಪಿನೊಳಗಿನ ಆಯಿಲ್ ಹಿಗ್ಗುತ್ತದೆ, ಹೋಗಲು ದಾರಿ ಇಲ್ಲದೆ ಸ್ಲೇವನ್ನು ತಳ್ಳುತ್ತದೆ. ಬೆಳಗ್ಗೆ ಚೆನ್ನಾಗಿದ್ದ ಗಾಡಿ ಮಧ್ಯಾಹ್ನ ಕ್ಲಚ್ ಸ್ಲಿಪ್ ಆಗುತ್ತದೆ, ಸಂಜೆ ತಣ್ಣಗಾದ ಮೇಲೆ ಮತ್ತೆ ಸರಿ. ಹ್ಯೂಸ್ಟನ್ ಬೇಸಿಗೆಯಲ್ಲಿ ಇದು ಖಂಡಿತ ಕಾಡುತ್ತದೆ. ಕಾರಣ ಗೊತ್ತಿಲ್ಲದವರು ಒಳ್ಳೇ ಕ್ಲಚ್ ಪ್ಲೇಟನ್ನೇ ಬದಲಾಯಿಸಿಬಿಡುತ್ತಾರೆ. ಪೆಡಲ್‌ನಲ್ಲಿ ಒತ್ತಲು ಸಹಾಯ ಮಾಡುವ ಹಳೇ ದೊಡ್ಡ ಸ್ಪ್ರಿಂಗ್ ಇದ್ದರೆ ಅದನ್ನೂ ತೆಗೆಯಬೇಕು, ಅದು ಪೆಡಲನ್ನು ಪೂರ್ತಿ ಮೇಲೆ ಬರಲು ಬಿಡುವುದಿಲ್ಲ. ಫೋರ್ಕಿನ ಬಿಗಿ ರಿಟರ್ನ್ ಸ್ಪ್ರಿಂಗಿನ ಕಥೆಯೂ ಅದೇ. ಸ್ಲೇವ್ ಒಳಗೆ ಸಣ್ಣ ಸ್ಪ್ರಿಂಗ್ ಇದ್ದರೆ ಹೊರಗಿನದು ಬೇಡ. ಆಗ ಬೇರಿಂಗ್ ಸದಾ ಬೆರಳುಗಳಿಗೆ ಮೆಲ್ಲಗೆ ತಾಗಿಕೊಂಡೇ ತಿರುಗುತ್ತದೆ, ಹಾಗಾಗಿ ಆ ಕೆಲಸಕ್ಕೆ ಮಾಡಿದ ಬೇರಿಂಗನ್ನೇ ಹಾಕಿ. ಷೆವ್ರೊಲೆ ಬೇರಿಂಗಿನಲ್ಲಿ ಗಿಡ್ಡ, ಉದ್ದ ಅಂತ ಎರಡು ಬಗೆ ಇವೆ. ಪ್ರೆಶರ್ ಪ್ಲೇಟಿಗೆ ಹೊಂದದ್ದು ಹಾಕಿದರೆ ಯಾವ ಅಡ್ಜಸ್ಟ್‌ಮೆಂಟೂ ಕೈಗೆ ಸಿಗುವುದಿಲ್ಲ.

ಪೆಡಲ್ ಕೆಳಗೆ ಗಟ್ಟಿ ಸ್ಟಾಪ್ ಇರಲಿ. ಕ್ಲಚ್ ಒತ್ತಿದಾಗ ಕ್ಲಚ್ ಪ್ಲೇಟ್ ಸುತ್ತ ಒಟ್ಟು ಒಂದು ಮಿಲಿಮೀಟರ್ ಆಸುಪಾಸು ಸಂದು ಸಿಕ್ಕರೆ ಸಾಕು, ಅದಕ್ಕಿಂತ ಬಹಳ ಮುಂದೆ ಪೆಡಲ್ ಹೋಗದ ಹಾಗೆ ಸ್ಟಾಪ್ ಕೂರಿಸಿ. ಪೈಪನ್ನು ಹೆಡರ್ಸ್‌ನಿಂದ ದೂರ ಒಯ್ಯಿರಿ, ಹತ್ತಿರ ಹೋಗಲೇಬೇಕಾದ ಕಡೆ ಶಾಖದ ಕವಚ ಹಾಕಿ. ಆಯಿಲ್ ಅಂದರೆ ಬ್ರೇಕ್ ಆಯಿಲ್, ಡಾಟ್ 3 ಅಥವಾ ಡಾಟ್ 4. ಡಾಟ್ 5 ಸಿಲಿಕೋನ್ ಬೇರೆ ಜಾತಿ, ಅದನ್ನು ಇದರ ಜೊತೆ ಬೆರೆಸಬಾರದು. ಎಂಜಿನ್ ಆಯಿಲ್ ಒಂದು ಹನಿ ಬಿದ್ದರೂ ರಬ್ಬರ್ ಉಬ್ಬಿ ಹಾಳಾಗುತ್ತದೆ. ಕ್ಲಚ್‌ಗೆ ಬೇರೆಯೇ ಡಬ್ಬಿ ಇರಲಿ, ಬ್ರೇಕ್ ಆಯಿಲ್ ಡಬ್ಬಿಗೆ ಕೈ ಹಾಕಬೇಡಿ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಿ, ಅದು ಗಾಳಿಯ ತೇವ ಹೀರುತ್ತದೆ. ಏರ್ ತೆಗೆಯುವಾಗ ಮಾಸ್ಟರಿನ ಮೂತಿ ಮೇಲಕ್ಕೆ ಇದ್ದರೆ ಗುಳ್ಳೆ ಅಲ್ಲೇ ಸಿಕ್ಕಿಕೊಳ್ಳುತ್ತದೆ; ಗಾಡಿಯ ಹಿಂಭಾಗ ಎತ್ತಿ ಮಟ್ಟ ಮಾಡಿಕೊಂಡು, ಅಥವಾ ಸ್ಲೇವ್ ಕಡೆಯಿಂದ ಮೇಲಕ್ಕೆ ಆಯಿಲ್ ತಳ್ಳಿ ಏರ್ ತೆಗೆಯಿರಿ. ಬಣ್ಣದ ಮೇಲೆ ಚೆಲ್ಲಿದರೆ ಒರೆಸಬೇಡಿ, ತಕ್ಷಣ ಜಾಸ್ತಿ ನೀರು ಹಾಕಿ ತೊಳೆಯಿರಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಡಿಸೆಂಬರ್‌ವರೆಗೆ ಹೈಡ್ರಾಲಿಕ್ ಮಾತೇ ಎತ್ತುವುದಿಲ್ಲ. ಝಡ್ ಬಾರ್‌ಗೆ ಹೊಸ ಬುಷ್, ಬಾಲ್ ಸ್ಟಡ್, ಪೆಡಲ್ ಬುಷ್, ಎರಡು ಎಂಜಿನ್ ಮೌಂಟ್ ಹಾಕಿಸಿ, ಪೆಡಲ್‌ನಲ್ಲಿ ಒಂದು ಇಂಚಿನಷ್ಟು ಫ್ರೀ ಪ್ಲೇ (ಸಡಿಲ ಓಟ) ಇಟ್ಟು ಅಡ್ಜಸ್ಟ್ ಮಾಡಿಸುತ್ತೇನೆ. ಆಮೇಲೂ ಮಂಡಿ ನೋಯುತ್ತಿದ್ದರೆ, ಗೇರ್‌ಬಾಕ್ಸ್ ಬದಲಾಯಿಸಲು ಹೇಗೂ ಇಳಿಸುವಾಗ ಹಗುರ ಡಯಾಫ್ರಾಮ್ ಕ್ಲಚ್ ಹಾಕಿಸುತ್ತೇನೆ. ಅಪ್ಪ ಬಂದಾಗ ರಾಡ್ ಕ್ಲಚ್ಚನ್ನೇ ಓಡಿಸಲಿ. ಅವರ ಎಡಗಾಲಿಗೆ ಅದು ಗೊತ್ತಿದೆ, ಗಾಡಿಯಲ್ಲಿ ಏನು ಸವೆದಿದೆ ಅಂತ ನಿಮಗಿಂತ ಮೊದಲು ಅವರೇ ಹೇಳಿದರೆ ನನಗೇನೂ ಆಶ್ಚರ್ಯವಿಲ್ಲ.

ಹೆಡರ್ಸ್ ಆರಿಸಿದ ಮೇಲೆ ಹೈಡ್ರಾಲಿಕ್ ಬೇಕೇ ಬೇಕು ಅನ್ನಿಸಿದರೆ ನನಗೆ ನಾಲ್ಕು ಅಳತೆ ಬರೆದು ಕಳಿಸಿ: ಪೆಡಲ್ ಪಿವಟ್‌ನಿಂದ ಪ್ಯಾಡಿನ ಮಧ್ಯಕ್ಕೆ ಎಷ್ಟು, ಪ್ಯಾಡ್ ಮೇಲಿಂದ ಕೆಳಗೆ ಎಷ್ಟು ಓಡುತ್ತದೆ, ಫೋರ್ಕಿನ ಹೊರತುದಿ ಈಗ ಎಷ್ಟು ಸರಿಯುತ್ತದೆ, ಫೈರ್‌ವಾಲ್‌ನಲ್ಲಿ ಬ್ರೇಕ್ ಮಾಸ್ಟರಿನ ಎಡಕ್ಕೆ ಎಷ್ಟು ಜಾಗವಿದೆ. ಬೋರ್ ಲೆಕ್ಕ ನಾನೇ ಹಾಕಿಕೊಡುತ್ತೇನೆ. ಅದು ಕೈಗೆ ಬರುವವರೆಗೆ ಯಾವ ಕಿಟ್‌ಗೂ ದುಡ್ಡು ಕಟ್ಟಬೇಡಿ.